ಇಂಗ್ಲೆಂಡಿನಲ್ಲಿ ಗಾಡಿ ತಾಗಿದರೆ: ನಮ್ಮ ಕಡೆಯಿಂದ ಹೊಸದಾಗಿ ಬಂದವರಿಗೆ

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯವರು ಇಂಗ್ಲೆಂಡಿಗೆ ಬಂದು ಕಾರು ತಗೊಂಡ ಮೇಲೆ ಮೊದಲ ಪೆಟ್ಟು ತಿನ್ನುವುದು, ನಾನು ಕಂಡಂತೆ, ರೌಂಡಬೌಟಿನಲ್ಲಿ. ಇಲ್ಲಿಯೂ ಎಡಕ್ಕೇ ಓಡಿಸುವುದರಿಂದ ರಸ್ತೆ ಪರಿಚಯದ್ದು ಅನ್ನಿಸಿಬಿಡುತ್ತದೆ. ಹುಬ್ಬಳ್ಳಿಯ ಚೆನ್ನಮ್ಮ ಸರ್ಕಲ್ಲಿನಲ್ಲಿ ಮೂತಿ ಮೊದಲು ತೂರಿಸಿದವರಿಗೆ ದಾರಿ. ಇಲ್ಲಿ ಬಲಗಡೆಯಿಂದ ಬರುವವರಿಗೆ ದಾರಿ.

ಪೆಟ್ಟಾದ ಮೇಲೆ ಏನು ಮಾಡಬೇಕು ಅಂತ ಕೇಳಿದರೆ ಎಲ್ಲರೂ ಹೇಳುವುದು ಒಂದೇ: ಬಾಯಿ ಬಿಡಬೇಡಿ, ಸಾರಿ ಅನ್ನಲೇಬೇಡಿ. ಈ ಮಾತನ್ನು ನಾನು ಒಪ್ಪುವುದಿಲ್ಲ. 2006ರ ಕಾಂಪೆನ್ಸೇಷನ್ ಕಾಯ್ದೆಯ 2ನೇ ಸೆಕ್ಷನ್ ಓದಿ ನೋಡಿ. ಕ್ಷಮೆ ಕೇಳಿದ ಮಾತ್ರಕ್ಕೆ, ಚಿಕಿತ್ಸೆ ಕೊಡಿಸುತ್ತೇನೆ ಅಂದ ಮಾತ್ರಕ್ಕೆ, ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ತಪ್ಪು ಒಪ್ಪಿಕೊಂಡ ಹಾಗೆ ಆಗುವುದಿಲ್ಲ. ಹಾಗಾಗಿ ಪೆಟ್ಟಾಯಿತಾ, ಆಂಬುಲೆನ್ಸ್ ಕರೆಯಲಾ ಅಂತ ಧಾರಾಳವಾಗಿ ಕೇಳಿ. ಹೇಳಬಾರದ್ದು ಬೇರೆ ಇದೆ. 'ನಂದೇ ತಪ್ಪು, ನಾನು ನೋಡಲಿಲ್ಲ, ರಿಪೇರಿ ದುಡ್ಡು ನಾನೇ ಕೊಡ್ತೀನಿ' ಅನ್ನುವಂಥವು. ಅವು ಎದುರಿನವರ ವಿಮಾ ಕಂಪನಿಯ ಫೈಲಿಗೆ ಹೋಗುತ್ತವೆ. ಆಮೇಲೆ ನಿಮ್ಮ ಕಂಪನಿಯವರಿಗೆ ನಿಮ್ಮ ಪರ ವಾದಿಸುವುದು ಕಷ್ಟ.

ಕಳೆದ ಚಳಿಗಾಲ ಗೆಳೆಯನ ಕಾರಿಗೆ ಒಬ್ಬ ಹುಡುಗಿ ಹಿಂದಿನಿಂದ ಗುದ್ದಿದಳು. ನಾನೂ ಕಾರಿನಲ್ಲಿದ್ದೆ. ಅವಳು ಸ್ಟೇರಿಂಗ್ ಬಿಡದೆ ನಡುಗುತ್ತಿದ್ದಳು. ಗೆಳೆಯ ಫೋಟೋ ತೆಗೆಯಲು ಇಳಿದ. ನವನಗರದಿಂದ ಬಂದಿದ್ದ ಅವನ ತಾಯಿ ತಮ್ಮ ಸ್ಟೀಲ್ ಬಾಟಲಿ ಹಿಡಿದು ಆ ಹುಡುಗಿಯ ಕಿಟಕಿಗೆ ಹೋದರು. 'ಅಂಜಬ್ಯಾಡವಾ ತಂಗಿ, ನೀರು ಕುಡಿ' ಅಂದರು. ಅವಳು ಇಸ್ಕೊಂಡು ಕುಡಿದಳು. ಮಗ ಮಾತ್ರ 'ಅವ್ವಾ, ಸುಮ್ನೆ ಒಳಗ ಕೂಡು, ಕೇಸ್ ಆಗ್ತದ' ಅಂತ ಗದರಿದ. ಆ ಗದರಿಕೆ ಬೇಕಿರಲಿಲ್ಲ. ಹುಡುಗಿ ಸುಧಾರಿಸಿಕೊಂಡು ಹೆಸರು, ವಿಳಾಸ, ವಿಮಾ ಕಂಪನಿ ಎಲ್ಲ ತಾನೇ ಬರೆದುಕೊಟ್ಟಳು. ಹಿಂದಿನ ಸೀಟಿನಲ್ಲಿದ್ದ ಮೊಮ್ಮಗಳು ಅಪ್ಪನನ್ನೂ ನೋಡಿದಳು, ಅಜ್ಜಿಯನ್ನೂ ನೋಡಿದಳು. ಇಲ್ಲಿ ಹುಟ್ಟಿದ ಮಕ್ಕಳಿಗೆ ರಾಜ್ಯೋತ್ಸವದ ಹಾಡು ಎಷ್ಟು ನೆನಪಿರುತ್ತದೋ ಗೊತ್ತಿಲ್ಲ. ನಮ್ಮ ನಡತೆ ಅವರು ಕಲಿಯುವುದು ಇಂಥ ಹೊತ್ತಿನಲ್ಲಿ.

ಊರಲ್ಲಿ ಗಾಡಿಗೆ ಗಾಡಿ ತಾಗಿದರೆ ಮಂದಿ ಕೂಡುತ್ತಾರೆ. ಚಹಾದಂಗಡಿಯವರು ಹೊರಗೆ ಬರುತ್ತಾರೆ. ಒಬ್ಬರು ಬೈದರೆ ಇನ್ನೊಬ್ಬರು ಸಮಾಧಾನ ಮಾಡುತ್ತಾರೆ. ಯಾರೋ ಹಿರಿಯರು 'ಇಬ್ರದೂ ತಪ್ಪೈತಿ, ಹೋಗ್ಲಿ ಬಿಡ್ರಿ' ಅಂದರೆ ಅಲ್ಲಿಗೆ ಮುಗಿಯಿತು. ಅದರಲ್ಲಿ ಅನ್ಯಾಯವೂ ಆಗುತ್ತದೆ, ದೊಡ್ಡ ಗಾಡಿಯವನದೇ ತಪ್ಪು ಅಂತ ಮೊದಲೇ ತೀರ್ಮಾನ ಆಗಿರುತ್ತದೆ. ಆದರೆ ನಾವು ಒಬ್ಬರೇ ಅನ್ನಿಸುವುದಿಲ್ಲ. ಇಲ್ಲಿ ಮಳೆಯಲ್ಲಿ ನೀವಿಬ್ಬರೇ ನಿಂತಿರುತ್ತೀರಿ. ಯಾರಿಗೂ ಪೆಟ್ಟಾಗದೆ, ರಸ್ತೆಯೂ ಕಟ್ಟದೆ ಇದ್ದರೆ ಪೊಲೀಸರು ಸಾಮಾನ್ಯವಾಗಿ ಬರುವುದಿಲ್ಲ. ಪಂಚನಾಮೆಯೂ ಇಲ್ಲ.

ಸಾಕ್ಷಿ ನೀವೇ ಕೂಡಿಸಿಕೊಳ್ಳಬೇಕು. ಕಾರುಗಳು ನಿಂತ ರೀತಿ, ರಸ್ತೆಯ ಗೆರೆ, ನಂಬರ್ ಪ್ಲೇಟು, ಎಲ್ಲದರ ಫೋಟೋ ತೆಗೆಯಿರಿ. ನೋಡಿದವರು ಯಾರಾದರೂ ನಿಂತರೆ ಅವರ ಫೋನ್ ನಂಬರ್ ಬಿಡಬೇಡಿ. 1988ರ ರೋಡ್ ಟ್ರಾಫಿಕ್ ಕಾಯ್ದೆ ಪ್ರಕಾರ ನಿಲ್ಲಲೇಬೇಕು, ಹೆಸರು, ವಿಳಾಸ, ಗಾಡಿ ನಂಬರ್ ಕೊಡಲೇಬೇಕು. ಕೊಡಲಾಗದಿದ್ದರೆ ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸಬೇಕು. ನಾಯಿ, ದನ, ಕುರಿಗೆ ತಾಗಿದರೂ ಇದೇ ನಿಯಮ. ಎದುರಿನವರು ಓಡಿಹೋದರೆ, ಅಥವಾ ಅವರಿಗೆ ವಿಮೆಯೇ ಇಲ್ಲದಿದ್ದರೆ, 1946ರಿಂದ ಇರುವ ಮೋಟಾರ್ ಇನ್ಶೂರರ್ಸ್ ಬ್ಯೂರೋಗೆ ಪರಿಹಾರಕ್ಕಾಗಿ ಅರ್ಜಿ ಹಾಕಬಹುದು.

ಕೈಯಲ್ಲಿ ದುಡ್ಡು ಕೊಟ್ಟು ಮುಗಿಸುವ ಯೋಚನೆ ದಯವಿಟ್ಟು ಬೇಡ. ಗದಗಿನ ಒಬ್ಬ ಹುಡುಗ ಸೂಪರ್‌ಮಾರ್ಕೆಟ್ ಪಾರ್ಕಿಂಗಿನಲ್ಲಿ ಬಂಪರ್ ತಾಗಿಸಿದ. ಎದುರಿನವನು ನಗುನಗುತ್ತಾ 200 ಪೌಂಡ್ ಸಾಕು ಅಂದ, ಇವನು ಕೊಟ್ಟ, ಕೈ ಕುಲುಕಿದರು. ಕೆಲವು ವಾರ ಬಿಟ್ಟು ವಕೀಲರ ಪತ್ರ ಬಂತು: ಕುತ್ತಿಗೆ ನೋವು, ಬಾಗಿಲಿಗೂ ಹಾನಿ. ಇವನ ಹತ್ತಿರ ರಸೀದಿ ಇಲ್ಲ, ಫೋಟೋ ಇಲ್ಲ. ಕಂಪನಿಗೆ ಹೇಳಿಯೂ ಇರಲಿಲ್ಲ, ಅವರು ಇವನ ಮೇಲೇ ಸಿಟ್ಟಾದರು. ಆ ಹುಡುಗನನ್ನು ದಡ್ಡ ಅನ್ನಲು ನನಗೆ ಮನಸ್ಸಿಲ್ಲ. ಆಡಿದ ಮಾತಿಗೆ ಬೆಲೆ ಕೊಡಬೇಕು ಅಂತ ಹೇಳಿಸಿಕೊಂಡೇ ಬೆಳೆದವರು ನಾವು. ಆದರೆ ಇಲ್ಲಿ ಗಾಯದ ಪರಿಹಾರ ಕೇಳಲು ಸಾಮಾನ್ಯವಾಗಿ 3 ವರ್ಷ ಅವಕಾಶ ಇದೆ.

ಕ್ಲೇಮ್ ಮಾಡದಿದ್ದರೂ ನಿಮ್ಮ ಕಂಪನಿಗೆ ತಿಳಿಸಿ. ಮುಂದಿನ ವರ್ಷ ಪಾಲಿಸಿ ತಗೊಳ್ಳುವಾಗ ಸಾಮಾನ್ಯವಾಗಿ ಹಿಂದಿನ 5 ವರ್ಷದ ಅಪಘಾತ ಕೇಳುತ್ತಾರೆ, ಮುಚ್ಚಿಟ್ಟರೆ ಪಾಲಿಸಿಯೇ ರದ್ದಾಗಬಹುದು. ಇನ್ನೊಂದು ವಿಷಯ ಜಾಸ್ತಿ ಜನಕ್ಕೆ ಗೊತ್ತಿರುವುದಿಲ್ಲ. ತಪ್ಪು ನಿಮ್ಮದಲ್ಲದಿದ್ದರೂ, ಖರ್ಚು ಎದುರಿನವರಿಂದ ವಸೂಲಾಗದಿದ್ದರೆ ನಿಮ್ಮ ನೋ ಕ್ಲೇಮ್ ಬೋನಸ್‌ಗೆ ಪೆಟ್ಟು ಬೀಳಬಹುದು. ಫೋಟೋಕ್ಕೆ ಅಷ್ಟು ಒತ್ತು ಕೊಟ್ಟಿದ್ದು ಅದಕ್ಕೇ.

ಬೇರೆ ಯಾರೋ ಫೋನ್ ಮಾಡಿ, 'ನಿಮ್ಮ ತಪ್ಪಿಲ್ಲ, ರಿಪೇರಿ ಆಗುವ ತನಕ ಕಾರು ಕೊಡ್ತೇವೆ, ಖರ್ಚೇನಿಲ್ಲ' ಅನ್ನಬಹುದು. ಆ ಬಾಡಿಗೆ ನಿಮ್ಮ ಹೆಸರಲ್ಲೇ ಸಾಲವಾಗಿ ಏರುತ್ತಿರುತ್ತದೆ. ಎದುರಿನ ಕಂಪನಿ ಒಪ್ಪದಿದ್ದರೆ ಬಿಲ್ಲು ನಿಮ್ಮ ಬಾಗಿಲಿಗೇ ಬರಬಹುದು. ಸಹಿ ಹಾಕುವ ಮೊದಲು ನಿಮ್ಮ ಪಾಲಿಸಿಯಲ್ಲೇ ಕರ್ಟಸಿ ಕಾರ್, ಅಂದರೆ ರಿಪೇರಿ ಆಗುವ ತನಕ ಓಡಿಸಲು ಕೊಡುವ ಕಾರು, ಇದೆಯಾ ನೋಡಿ.

ಕಾರು ಪೂರ್ತಿ ಹೋಯಿತು ಅಂತ ಕಂಪನಿ ಬೆಲೆ ಕಟ್ಟಿದರೆ ಮೊದಲ ಮೊತ್ತಕ್ಕೇ ತಲೆ ಆಡಿಸಬೇಡಿ. ಅದೇ ಮಾಡೆಲ್, ಅಷ್ಟೇ ಓಡಿದ ಕಾರುಗಳ ಜಾಹೀರಾತು ತೋರಿಸಿ ಕೇಳಿ. ನಿಮ್ಮ ಕಂಪನಿಯೇ ಸತಾಯಿಸಿದರೆ ಬರಹದಲ್ಲಿ ದೂರು ಕೊಡಿ. ಅವರಿಗೆ 8 ವಾರ ಸಮಯ. ಆಮೇಲೆ ಇಂಥ ಕಂಪನಿಗಳ ಮೇಲಿನ ಗಿರಾಕಿಗಳ ದೂರು ಕೇಳುವ ಫೈನಾನ್ಷಿಯಲ್ ಓಂಬುಡ್ಸ್‌ಮನ್ ಹತ್ತಿರ ಖರ್ಚಿಲ್ಲದೆ ಹೋಗಬಹುದು. ಎದುರಿನವರ ಕಂಪನಿಯ ಮೇಲೆ ಸಾಮಾನ್ಯವಾಗಿ ಅಲ್ಲಿ ದೂರು ನಡೆಯುವುದಿಲ್ಲ.

ಊರಿಂದ ಬಂದ ಅಪ್ಪ-ಅವ್ವ ಕಾರಿನಲ್ಲಿದ್ದರೆ ಅವರ ಕಡೆ ಹೆಚ್ಚು ಗಮನ ಇರಲಿ. ನೋವಾದರೂ ಹೇಳುವುದಿಲ್ಲ, ಮಗನಿಗೆ ಖರ್ಚು ಅಂತ ನುಂಗಿಕೊಳ್ಳುತ್ತಾರೆ. ತುರ್ತು ವಿಭಾಗದಲ್ಲಿ ನೋಡುವುದಕ್ಕೆ ಪ್ರವಾಸಿಗಳಿಗೂ ದುಡ್ಡಿಲ್ಲ, ಒಳಗೆ ದಾಖಲಾದರೆ ಬಿಲ್ಲು ಬರುತ್ತದೆ. ಟ್ರಾವೆಲ್ ಇನ್ಶೂರೆನ್ಸ್ ಇಲ್ಲದೆ ಕರೆಸಬೇಡಿ. ತಪ್ಪು ನಿಮ್ಮದೇ ಆಗಿದ್ದರೂ ನಿಮ್ಮ ಕಾರಿನಲ್ಲಿ ಕೂತವರಿಗೆ ನಿಮ್ಮ ವಿಮೆಯಿಂದ ಪರಿಹಾರ ಕೇಳುವ ಹಕ್ಕಿದೆ. 'ಮಗನ ಮ್ಯಾಲೆ ಕೇಸ್ ಹಾಕಲೇನು' ಅಂತ ಅವರು ಅಳುತ್ತಾರೆ. ಕೊಡುವುದು ಕಂಪನಿ, ಮಗನಲ್ಲ ಅಂತ ಕೂರಿಸಿಕೊಂಡು ಬಿಡಿಸಿ ಹೇಳಿ. ಕುತ್ತಿಗೆ ನೋವು ಎಷ್ಟೋ ಸಲ ಮರುದಿನ ಕಾಣಿಸಿಕೊಳ್ಳುತ್ತದೆ, ಬೆಳಗ್ಗೆ ಎದ್ದ ಕೂಡಲೇ ಇನ್ನೊಮ್ಮೆ ಕೇಳಿ.