ಕಾವಿಗೆ ಕೂತ ಸಿಲ್ಕಿಯನ್ನು ಎಬ್ಬಿಸುವುದೂ ಒಂದು ಕೆಲಸ

ಸಿಲ್ಕಿ ಎಂಬ ಕೋಳಿತಳಿಯ ಹೇಂಟೆಗೆ ಕಾವಿಗೆ ಕೂರುವುದನ್ನು ಯಾರೂ ಕಲಿಸಬೇಕಾಗಿಲ್ಲ. ಹತ್ತು ಹದಿನೈದು ಮೊಟ್ಟೆ ಇಟ್ಟ ಮೇಲೆ ಗೂಡು ಹಿಡಿದರೆ ಮೊಟ್ಟೆ ಇಲ್ಲದಿದ್ದರೂ ಬೈಹುಲ್ಲಿಗೋ ಉರುಟು ಕಲ್ಲಿಗೋ ಕಾವು ಕೊಡುತ್ತ ಕೂರುತ್ತದೆ. ಮೇವು, ನೀರು ಮರೆತು ಕೂರುವುದೇ ಅದರ ಗುಣ, ಅದೇ ದೋಷ.

ಚರ್ಮ, ಎಲುಬು ಕಪ್ಪಾದ್ದರಿಂದ ಇದನ್ನು ಕಡಕ್‌ನಾಥ್ ಎಂದು ಮಾರುವವರೂ ಕೊಳ್ಳುವವರೂ ಇದ್ದಾರೆ. ಮಧ್ಯಪ್ರದೇಶದ ಝಾಬುವಾದ ಕಪ್ಪುಕೋಳಿ ಕಡಕ್‌ನಾಥ್ ಕಾವಿಗೆ ಕೂರುವುದು ಅಪರೂಪ. ಸಿಲ್ಕಿಯ ಕಾಲಲ್ಲಿ 5 ಬೆರಳಿರುತ್ತವೆ, ಮೈಯ ಪುಕ್ಕ ಹಿಂಜಿದ ಹತ್ತಿಯಂತೆ ಇರುತ್ತದೆ. ಪುಕ್ಕದ ಎಳೆಗಳನ್ನು ಒಂದಕ್ಕೊಂದು ಸೇರಿಸಿ ಹಿಡಿಯುವ ಸಣ್ಣ ಕೊಕ್ಕೆಗಳು ಇದಕ್ಕಿಲ್ಲ. ಆದ್ದರಿಂದ ಹಾರಲಾಗದು, ಮಳೆನೀರು ಜಾರಿ ಹೋಗದೆ ನೇರ ಚರ್ಮಕ್ಕಿಳಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಹಿಡಿದು ಕೂರುವ ಕಾಸರಗೋಡಿನಲ್ಲಿ ಈ ಕೋಳಿ ಸಾಯುವುದು ಹೆಚ್ಚಾಗಿ ಪಸೆಯಿಂದ. ಮಂಜೇಶ್ವರದ ಕರಾವಳಿಯಾಗಲಿ, ಬದಿಯಡ್ಕ, ಮುಳ್ಳೇರಿಯದ ತೋಟಗಳಾಗಲಿ, ಮೊಟ್ಟೆ ಕಾವಿಗಿಡಲು ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ.

ನಿಜವಾದ ಕಾವು ಹೌದೇ?

ಕೈ ಹತ್ತಿರ ತಂದರೆ ಮೈ ಉಬ್ಬಿಸಿ ಗುರುಗುಟ್ಟುತ್ತದೆ, ಗೂಡಿನಲ್ಲಿ ಹಪ್ಪಳದಂತೆ ಚಪ್ಪಟೆಯಾಗಿ ಕೂರುತ್ತದೆ, ಹೊಟ್ಟೆಯಡಿಗೆ ಕೈ ಹಾಕಿದರೆ ಪುಕ್ಕ ಉದುರಿದ ಬಿಸಿ ಚರ್ಮ ತಾಗುತ್ತದೆ. ಸಿಲ್ಕಿ ಎತ್ತರದಲ್ಲಿ ಮಲಗುವ ಜಾತಿಯಲ್ಲ, ನೆಲದಲ್ಲೇ ಒತ್ತೊತ್ತಾಗಿ ಮಲಗುತ್ತದೆ. ಹಾಗಾಗಿ ರಾತ್ರಿ ಗೂಡಿನಲ್ಲಿ ಕಂಡಿತೆಂಬುದೊಂದೇ ಸಾಲದು. 2–3 ದಿನ ಹುಸಿ ಮೊಟ್ಟೆ ಇಟ್ಟು ನೋಡಿ. ಪಿಂಗ್‌ಪಾಂಗ್ ಚೆಂಡು ಸಾಕು. ಅಷ್ಟೂ ದಿನ ಕದಲದಿದ್ದರೆ ಮೊಟ್ಟೆ ಕೊಡಬಹುದು.

ಗೂಡು ಮತ್ತು ಮೊಟ್ಟೆ

ಒಳ ಅಳತೆ 1 ಅಡಿ ಉದ್ದ, 1 ಅಡಿ ಅಗಲದ ಪೆಟ್ಟಿಗೆ ಸಾಕು. ನೆಲದ ಮಟ್ಟದಲ್ಲೇ ಇರಲಿ, ಮುಂದೆ 3 ಅಂಗುಲದ ತಡೆ ಇರಲಿ. ಸಿಮೆಂಟ್ ನೆಲವಾದರೆ ಅಡಿಗೆ ಹಲಗೆ ಕೊಡಿ. ಪೆಟ್ಟಿಗೆಯೊಳಗೆ 2 ಅಂಗುಲ ಒಣಮಣ್ಣು ಹಾಕಿ, ನಡುವೆ ಬಟ್ಟಲಿನಂತೆ ಒತ್ತಿ, ಮೂಲೆಗಳನ್ನು ತುಂಬಿ. ಇಲ್ಲದಿದ್ದರೆ ಮೊಟ್ಟೆ ಮೂಲೆಗೆ ಉರುಳಿ ತಣ್ಣಗಾಗುತ್ತದೆ. ಮೇಲೆ ಗೇಣುದ್ದಕ್ಕೆ ಕತ್ತರಿಸಿದ ಬೈಹುಲ್ಲು. ಮನೆಯಲ್ಲಿ ಬೇಕಾದಷ್ಟಿದೆ ಎಂದು ತೆಂಗಿನ ನಾರು, ಅಡಿಕೆ ಸಿಪ್ಪೆಯ ನಾರು ಹಾಕಬೇಡಿ. ಆ ಎಳೆ ಮರಿಯ ಕಾಲಿಗೆ ಸುತ್ತಿದರೆ ರಕ್ತ ಓಡದೆ ಬೆರಳು ಕಪ್ಪಾಗಿ ಉದುರುತ್ತದೆ.

ಕಾವಿಗಿಡುವ ಮೊಟ್ಟೆಯನ್ನು ತೊಳೆಯಬಾರದು. ಚೂಪು ತುದಿ ಕೆಳಗಾಗಿ, ತಂಪಾದ ಕತ್ತಲೆಯಲ್ಲಿ ಇಡಿ, ದಿನಕ್ಕೊಮ್ಮೆ ಓರೆ ಬದಲಿಸಿ. 7 ದಿನ ಮೀರಿದ ಮೊಟ್ಟೆ ಬೇಡ. ಏಪ್ರಿಲ್, ಮೇ ಸೆಕೆಯಲ್ಲಿ ಅಷ್ಟೂ ತಡೆಯದು. 27 ಡಿಗ್ರಿ ದಾಟಿದ ಕೋಣೆಯಲ್ಲಿ ಭ್ರೂಣ ಅರೆಬರೆ ಬೆಳೆಯಲು ತೊಡಗಿ, ಕಾವು ಸಿಗುವ ಮೊದಲೇ ಸಾಯುತ್ತದೆ. ಒದ್ದೆ ಮರಳಿನಲ್ಲಿ ಹೂತ ಮಣ್ಣಿನ ಮಡಕೆಯೊಳಗೆ ಇಟ್ಟರೆ ತುಸು ಉಳಿಗಾಲ.

ಹುಂಜ ಜತೆಗಿದ್ದೂ ಬರಡು ಮೊಟ್ಟೆಯೇ ಬರುತ್ತಿದ್ದರೆ ಹುಂಜವನ್ನು ದೂರುವ ಮುಂಚೆ ಹುಂಜ, ಹೇಂಟೆ ಎರಡರ ಹಿಂಭಾಗದ ದಟ್ಟ ಪುಕ್ಕವನ್ನು ಕತ್ತರಿಯಿಂದ ಸವರಿ. ಕೂಡುವುದಕ್ಕೆ ಅದೇ ಅಡ್ಡಿ.

ಸಿಲ್ಕಿಯ ಸ್ವಂತ ಮೊಟ್ಟೆಯಾದರೆ 7–8, ಊರಕೋಳಿಯದಾದರೆ 5. ಇನ್ನೆರಡು ಹೆಚ್ಚಿಗೆ ಇಟ್ಟು, ಹೋದರೆ ಆ ಎರಡೇ ತಾನೇ ಎನ್ನಬೇಡಿ. ಹೇಂಟೆ ಮೊಟ್ಟೆಗಳನ್ನು ದಿನವೂ ಒಳಗಿಂದ ಹೊರಕ್ಕೆ, ಹೊರಗಿಂದ ಒಳಕ್ಕೆ ಹೊರಳಿಸುತ್ತದೆ. ಹೊರಗುಳಿದು ತಣ್ಣಗಾಗುವ ಸರದಿ ಪ್ರತಿಯೊಂದಕ್ಕೂ ಬರುತ್ತದೆ, ಕೊನೆಗೆ ಅರ್ಧಕ್ಕರ್ಧ ಕೆಡುತ್ತವೆ. ಎಲ್ಲವನ್ನೂ ಒಂದೇ ರಾತ್ರಿ ಇಟ್ಟು, ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಬೇರೆ ಹೇಂಟೆ ಬಂದು ಹೊಸ ಮೊಟ್ಟೆ ಸೇರಿಸಿದರೆ ಅಂದೇ ತೆಗೆಯಲು ಇದು ಬೇಕು.

21 ದಿನಗಳ ಲೆಕ್ಕ

ದಿನಕ್ಕೊಮ್ಮೆ, ಆದಷ್ಟು ಒಂದೇ ಹೊತ್ತಿಗೆ, ಹೇಂಟೆಯನ್ನು ಎಬ್ಬಿಸಿ. ಎರಡೂ ಕೈಯಿಂದ ಎತ್ತಿ, ಆದರೆ ಮೊದಲು ರೆಕ್ಕೆಯಡಿ ತಡವಿ ನೋಡಿ. ಅಲ್ಲಿ ಸಿಕ್ಕಿಕೊಂಡ ಮೊಟ್ಟೆ ಮೇಲಿಂದ ಬಿದ್ದು ಒಡೆಯುವುದು ಎಲ್ಲ ಕಡೆ ಆಗುವ ತಪ್ಪು. ಹೊರಗೆ ಬಿಟ್ಟ ಮೇಲೂ ಒಂದೆರಡು ನಿಮಿಷ ಮಂಕಾಗಿ ಕೂತೇ ಇರುತ್ತದೆ, ಮೆಲ್ಲ ತಳ್ಳಿ. 15–20 ನಿಮಿಷದಲ್ಲಿ ನೀರು, ಬತ್ತ ಅಥವಾ ಜೋಳದ ನುಚ್ಚು, ದೊಡ್ಡ ಮುದ್ದೆಯಂಥ ನಾರುವ ಹಿಕ್ಕೆ, ಕೊನೆಗೆ ಬೂದಿಸ್ನಾನ. ಹಿಕ್ಕೆ ಅಷ್ಟು ದೊಡ್ಡದಿರುವುದು ರೋಗವಲ್ಲ, ದಿನವಿಡೀ ತಡೆದುಕೊಂಡದ್ದು.

ಬೂದಿಸ್ನಾನ ಶೋಕಿಯಲ್ಲ. ಕದಲದ ಬಿಸಿ ಮೈ ಹೇನಿಗೆ, ಕೆಂಪು ಉಣುಗಿಗೆ ಹಬ್ಬ. ಉಣುಗು ಹಗಲು ಹಲಗೆಯ ಸಂದಿಯಲ್ಲಿ ಅಡಗಿ ರಾತ್ರಿ ರಕ್ತ ಹೀರುತ್ತದೆ. ತಲೆಯ ಮಾಂಸದ ಜುಟ್ಟು ಬಿಳಚಿದರೆ, ಒಳ್ಳೆಯ ಹೇಂಟೆ ನಡುವಲ್ಲೇ ಗೂಡು ಬಿಟ್ಟರೆ, ರಾತ್ರಿ ಟಾರ್ಚ್ ಹಿಡಿದು ಸಂದಿಗಳನ್ನು ನೋಡಿ. ಬಚ್ಚಲೊಲೆಯ ಬೂದಿಯನ್ನು ಜರಡಿ ಹಿಡಿದು, ಅಷ್ಟೇ ಮರಳು ಬೆರೆಸಿ ಹಳೆಯ ಬಾಣಲೆಯಲ್ಲಿ ತುಂಬಿಟ್ಟರೆ ಉಳಿದದ್ದನ್ನು ಅದೇ ಮಾಡಿಕೊಳ್ಳುತ್ತದೆ. ಬೂದಿ ಒಣಗಿರಬೇಕು. ಒದ್ದೆಯಾದರೆ ಚರ್ಮ ಸುಡುತ್ತದೆ.

7ನೆಯ ರಾತ್ರಿ ಮೊಬೈಲ್ ಟಾರ್ಚಿಗೆ ರಟ್ಟಿನ ಕೊಳವೆ ಹಿಡಿದು ಮೊಟ್ಟೆ ನೋಡಿ. ಜೇಡನ ಕಾಲಿನಂತೆ ನರಗಳು ಕಂಡರೆ ಜೀವವಿದೆ, ತಿಳಿಯಾಗಿದ್ದರೆ ಬರಡು, ನರವಿಲ್ಲದೆ ಒಂದು ರಕ್ತದ ಉಂಗುರ ಕಂಡರೆ ಸತ್ತಿದೆ. 14ನೆಯ ರಾತ್ರಿ ಇನ್ನೊಮ್ಮೆ. ಕೆಟ್ಟದ್ದನ್ನು ಬಿಟ್ಟರೆ ಸೆಕೆಗೆ ಒಡೆದು ಉಳಿದ ಮೊಟ್ಟೆಗಳಿಗೂ ಸೋಂಕು ಹಚ್ಚುತ್ತದೆ.

18ನೆಯ ದಿನದ ನಂತರ ಎತ್ತುವುದು, ನೋಡುವುದು ಬೇಡ. ನೀರು, ಮೇವು ಗೂಡಿನ ಬಾಯಲ್ಲೇ ಇಡಿ. ಅದಕ್ಕೆ ಮೊದಲೇ ಹೇಂಟೆಯ ಎದೆ, ಹೊಟ್ಟೆಯ ಉದ್ದ ಪುಕ್ಕವನ್ನು ಕತ್ತರಿಸಿಡಿ, ಯಾಕೆಂದರೆ ಒದ್ದೆ ಮರಿಯ ಕೊರಳಿಗೆ ಈ ರೇಷ್ಮೆ ಸುತ್ತಿಕೊಂಡು ಉಸಿರುಗಟ್ಟುತ್ತದೆ.

ಮರಿ ಬರುವಾಗ

ಚಿಪ್ಪು ಬಿರಿದ ಮೇಲೆ ಮರಿ ಹೊರಬರಲು 12ರಿಂದ 24 ಗಂಟೆ ಹಿಡಿಯುತ್ತದೆ. ಅಷ್ಟರೊಳಗೆ ಉಗುರಿಂದ ಚಿಪ್ಪು ಬಿಡಿಸಿದರೆ, ಇನ್ನೂ ಮರಿಯ ಹೊಟ್ಟೆಯೊಳಗೆ ಸೇರದ ಭಂಡಾರದ (ಮೊಟ್ಟೆಯ ಹಳದಿಯ) ರಕ್ತನಾಳ ಹರಿದು ಮರಿ ಸಾಯುತ್ತದೆ. ಒಳಸೇರಿದ ಭಂಡಾರವೇ 2 ದಿನದ ಬುತ್ತಿ, ಮೇವಿಗೆ ಅವಸರವಿಲ್ಲ. 23ನೆಯ ದಿನಕ್ಕೂ ಬಾರದ ಮೊಟ್ಟೆಯನ್ನು ತೆಗೆಯಿರಿ, ಇಲ್ಲದಿದ್ದರೆ ಹೇಂಟೆ ಅದನ್ನೇ ಹಿಡಿದು ಕೂತು ಮರಿಗಳನ್ನು ಮರೆಯುತ್ತದೆ.

ಹೊರಗಿನಿಂದ ತಂದ ಮರಿಗಳನ್ನೂ ಇದಕ್ಕೆ ಒಪ್ಪಿಸಬಹುದು. 2 ದಿನ ಮೀರದ ಮರಿಗಳನ್ನು ಕತ್ತಲಾದ ಮೇಲೆ ಒಂದೊಂದಾಗಿ ಅಡಿಗೆ ಸರಿಸಿ, ಮೊಟ್ಟೆ ತೆಗೆಯಿರಿ. ಬೆಳಗ್ಗೆ ಒಮ್ಮೆ ನೋಡಲೇಬೇಕು, ಕುಕ್ಕುವ ಹೇಂಟೆ ತಲೆಗೇ ಕುಕ್ಕುತ್ತದೆ. ಎತ್ತರ ಪುಕ್ಕದ ಜುಟ್ಟಿನ ಸಿಲ್ಕಿಗಳಲ್ಲಿ ಜುಟ್ಟಿನಡಿಯ ತಲೆಬುರುಡೆ ಪೂರ್ತಿ ಮುಚ್ಚಿರುವುದಿಲ್ಲ, ಒಂದೇ ಪೆಟ್ಟಿಗೂ ಕೊರಳು ತಿರುಚಬಹುದು. ಇ ಜೀವಸತ್ವ, ಸೆಲೇನಿಯಂ ಕೊರತೆಯಿಂದಲೂ ಮರಿ ಕೊರಳು ತಿರುಚಿ ಆಕಾಶ ನೋಡುತ್ತದೆ. ಅದು ಬೇಗ ಔಷಧ ಕೊಟ್ಟರೆ ಸರಿಹೋಗುವಂಥದ್ದು. ಆದರೆ 2–5 ತಿಂಗಳ ಕೋಳಿ ಒಂದು ಕಾಲು ಮುಂದೆ, ಒಂದು ಹಿಂದೆ ಚಾಚಿ ಬಿದ್ದರೆ ಮರೆಕ್ಸ್ ಎಂಬ ವೈರಸ್ ರೋಗ ಇರಬಹುದು. ಸಿಲ್ಕಿಗೆ ಇದು ಬೇಗ ತಗಲುತ್ತದೆ, ಔಷಧವಿಲ್ಲ. ಲಸಿಕೆಯನ್ನು ಮೊದಲ ದಿನವೇ ಕೊಡಬೇಕು.

ರಾಣಿಖೇತ್ ಎಂಬ ಕೋಳಿರೋಗಕ್ಕೆ 5–7ನೆಯ ದಿನ ಲಸೋಟಾ ಲಸಿಕೆ, ಕಣ್ಣಿಗೆ ಒಂದು ಹನಿ. 28ನೆಯ ದಿನ ಮತ್ತೊಮ್ಮೆ. ಸೀಸೆ ನೂರಾರು ಮರಿಗಳ ಲೆಕ್ಕದ್ದು, ಬೆರೆಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು. ಆದ್ದರಿಂದ ನೆರೆಕರೆಯ ಮನೆಗಳು ಸೇರಿ ತರುವುದು ಲಾಭ. ಪಂಚಾಯತಿನ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ.

ಮೇವು, ನೀರು, ನೆಲ

ಹೇಂಟೆಯೊಡನಿರುವ ಮರಿಗೆ ದೀಪ ಬೇಡ. ಶೇಕಡಾ 20ರಷ್ಟು ಪ್ರೋಟೀನ್ ಇರುವ ಮರಿಮೇವು ಚಿಕ್ ಸ್ಟಾರ್ಟರನ್ನೇ ತಾಯಿಗೂ ಮರಿಗೂ ಹಾಕಿ, ಮೊದಲ ವಾರ ಮರಿಗೆ ದಿನಕ್ಕೆ 10 ಗ್ರಾಂ ಆಸುಪಾಸು. ಮೊಟ್ಟೆಕೋಳಿಯ ಮೇವಿನಲ್ಲಿರುವ ಸುಣ್ಣ ಮರಿಯ ಮೂತ್ರಪಿಂಡ ಕೆಡಿಸುತ್ತದೆ. ಬರೀ ಕುಚ್ಚಲಕ್ಕಿ ನುಚ್ಚಿನಲ್ಲಿ ಬೆಳೆದ ಮರಿ ಬದುಕುತ್ತದೆ, ಆದರೆ ರೆಕ್ಕೆ ಜೋತು ಕುಳ್ಳಾಗಿಯೇ ಉಳಿಯುತ್ತದೆ. ನೀರಿಗೆ ಗೆರಟೆ, ಒಳಗೆ ಮರಿ ಮುಳುಗದಂತೆ ನಾಲ್ಕು ಕಲ್ಲು. ಮೇವು ಹಾಕಲು ಅಡಿಕೆಯ ಹಾಳೆತಟ್ಟೆ ಚೆನ್ನ, ಆದರೆ ನೆಲಕ್ಕೆ ಹಾಳೆಯಾಗಲಿ ಪತ್ರಿಕೆಯಾಗಲಿ ಹಾಸಬಾರದು. ಜಾರಿ ಜಾರಿ ಕಾಲು ಕವಲೊಡೆಯುತ್ತದೆ.

ನೆಲಕ್ಕೆ 2 ಅಂಗುಲ ಉಮಿ ಹಾಕಿ. ಮುಷ್ಟಿಯಲ್ಲಿ ಹಿಂಡಿದಾಗ ಮುದ್ದೆ ಕಟ್ಟಿದರೆ ಬದಲಿಸುವ ಹೊತ್ತಾಯಿತು. 3–6 ವಾರದ ಮರಿಗಳು ಒದ್ದೆ ನೆಲದಲ್ಲಿ ರಕ್ತಭೇದಿಗೆ ಬೀಳುತ್ತವೆ. ಒಂದು ಮರಿ ಮುದುಡಿ ನಿಂತು ಕೆಂಪು ಹಿಕ್ಕೆ ಹಾಕಿದರೆ ಅಂದೇ ವೈದ್ಯರನ್ನು ಕೇಳಿ ಆಂಪ್ರೋಲಿಯಂ ಎಂಬ ಔಷಧ ಕೊಡಿ, ಮರುದಿನಕ್ಕೆ ಕಾಯಬೇಡಿ. ಗೂಡಿಗೆ ಅರ್ಧ ಅಂಗುಲ ಕಣ್ಣಿನ ಬಲೆಯೇ ಬೇಕು. ದೊಡ್ಡ ಕಣ್ಣಿನದರಲ್ಲಿ ಕೇರೆ ಹಾವು ನುಸುಳುತ್ತದೆ, ಮುರಕಲ್ಲಿನ ಕಟ್ಟೆಯ ಸಂದಿಯಲ್ಲಿ ಮುಂಗುಸಿ ಕಾದಿರುತ್ತದೆ. ಹಗಲು ಅಂಗಳಕ್ಕೆ ಬಿಟ್ಟರೆ ಕಾಗೆ, ಗಿಡುಗ.

6–8 ವಾರಕ್ಕೆ ತಾಯಿ ಮರಿಗಳನ್ನು ಕುಕ್ಕಿ ದೂರ ಮಾಡಿ ಮತ್ತೆ ಮೊಟ್ಟೆಗಿಳಿಯುತ್ತದೆ. ಆಮೇಲೆ ಇನ್ನೊಮ್ಮೆ ಕಾವು. ಎದೆಯೆಲುಬು ಕತ್ತಿಯ ಅಂಚಿನಂತೆ ಕೈಗೆ ತಾಗುತ್ತಿದ್ದರೆ ಈ ಬಾರಿ ಕೂರಿಸಬೇಡಿ. ಕಾವು ಬಿಡಿಸಲು ನೀರಲ್ಲಿ ಅದ್ದುವ, ಮೂಗಿಗೆ ಪುಕ್ಕ ಚುಚ್ಚುವ ಹಳೆಯ ಉಪಾಯ ಸಿಲ್ಕಿಗೆ ಸಲ್ಲದು, ಒದ್ದೆಯಾದರೆ ಗಂಟೆಗಟ್ಟಲೆ ಒಣಗದು. ತಳಕ್ಕೂ ತಂತಿಬಲೆ ಇರುವ ಪಂಜರವನ್ನು ಎರಡು ಕಲ್ಲಿನ ಮೇಲೆ ಏರಿಸಿ, ಬೆಳಕು ಬೀಳುವಲ್ಲಿ, ಹುಲ್ಲು ಹಾಸದೆ, ಮೇವು ನೀರಿನೊಂದಿಗೆ 3–4 ದಿನ ಬಿಡಿ. ಹೊಟ್ಟೆಯಡಿ ಗಾಳಿಯಾಡಿ ಮೈ ತಣಿದರೆ ಕಾವು ಇಳಿಯುತ್ತದೆ. ಹೊರಬಿಟ್ಟ ಕೂಡಲೇ ಗೂಡಿಗೆ ಓಡಿದರೆ ಇನ್ನೆರಡು ದಿನ ಪಂಜರದಲ್ಲೇ ಇರಲಿ.