ಚೂರು ಬಟ್ಟೆಯಲ್ಲಿ ಉಬ್ಬು, ನಿರಿಗೆ, ಸುಕ್ಕು: ಮನೆಯಲ್ಲೇ ಮಾಡಿ ನೋಡಿ

ಬಟ್ಟೆಯ ವಿನ್ಯಾಸ ಅಂದರೆ ಬಣ್ಣ, ಪ್ರಿಂಟು, ಕಸೂತಿ ಅಂತಲೇ ಅಂದುಕೊಳ್ಳುತ್ತೇವೆ. ಇವೆಲ್ಲ ಬಟ್ಟೆಯ ಮೇಲೆ ಮಾಡುವ ಕೆಲಸ. ಬಟ್ಟೆಯ ಮೈಯನ್ನೇ ಮಡಿಸಿ, ಕಟ್ಟಿ, ಸುಕ್ಕುಗಟ್ಟಿಸಿ ಹೊಸ ರೂಪ ಕೊಡುವುದು ಬೇರೆ ಕೆಲಸ. ಉತ್ತರ ಕರ್ನಾಟಕದ ಕೌದಿ ನೋಡಿದವರಿಗೆ ಇದು ತೀರಾ ಹೊಸದಲ್ಲ. ಹಳೆ ಸೀರೆಗಳ ಪದರಗಳ ಮೇಲೆ ಸಾಲುಸಾಲಾಗಿ ಹಾಕಿದ ಸಾದಾ ಹೊಲಿಗೆಯೇ ಬಟ್ಟೆಯಲ್ಲಿ ಸಣ್ಣ ಅಲೆ ಎಬ್ಬಿಸುತ್ತದೆ, ಅಲ್ವಾ?

ಕಲಿಯಲು ದುಬಾರಿ ಬಟ್ಟೆ ಬೇಡ. ಟೈಲರ್ ಅಂಗಡಿಯಲ್ಲಿ ಉಳಿಯುವ ಚೂರು, ಉಡದೆ ಬಿಟ್ಟ ಸಿಂಥೆಟಿಕ್ ಸೀರೆ, ಲೈನಿಂಗ್ ತುಂಡು ಸಾಕು. ಆದರೆ ಸೂಜಿ ಕೈಗೆತ್ತಿಕೊಳ್ಳುವ ಮೊದಲು ಒಂದು ವಿಷಯ ಗೊತ್ತಿರಬೇಕು. ಕೊಟ್ಟ ಆಕಾರ ನಿಲ್ಲುತ್ತದೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ಬಹುಮಟ್ಟಿಗೆ ಬಟ್ಟೆಯ ನೂಲೇ, ನಿಮ್ಮ ಕೈಚಳಕವಲ್ಲ.

ಮೊದಲು ಸುಟ್ಟು ನೋಡಿ

ಬಟ್ಟೆಯಿಂದ ನಾಲ್ಕೈದು ಎಳೆ ಬಿಡಿಸಿ. ಇಕ್ಕಳದಲ್ಲಿ ಹಿಡಿದು, ನೀರು ತುಂಬಿದ ಸ್ಟೀಲ್ ತಟ್ಟೆಯ ಮೇಲೆ ಬೆಂಕಿ ತಾಗಿಸಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬರುತ್ತದೆ, ಮೆತ್ತನೆಯ ಬೂದಿ ಉಳಿಯುತ್ತದೆ. ರೇಷ್ಮೆ, ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ. ಪಾಲಿಯೆಸ್ಟರ್ ಬೆಂಕಿಯಿಂದ ಹಿಂದೆ ಸರಿದು ಮುದುಡುತ್ತದೆ, ಕರಗುತ್ತದೆ, ತಣ್ಣಗಾದ ಮೇಲೆ ಗಟ್ಟಿ ಮಣಿಯಾಗುತ್ತದೆ. ಕರಗಿದ ಹನಿ ಚರ್ಮಕ್ಕೆ ಅಂಟಿದರೆ ಕೆಟ್ಟದಾಗಿ ಸುಡುತ್ತದೆ. ಹಾಗಾಗಿ ಎಳೆಯನ್ನು ಬೆರಳಲ್ಲಿ ಹಿಡಿಯಲೇಬೇಡಿ.

ಅಂಗಡಿಯವರು 'ಕಾಟನ್' ಅಂದದ್ದು ಎಷ್ಟೋ ಸಲ ಮಿಶ್ರ ನೂಲಾಗಿರುತ್ತದೆ. ಬೂದಿಯೂ ಗಟ್ಟಿ ಮಣಿಯೂ ಎರಡೂ ಉಳಿದರೆ ಅದು ಮಿಶ್ರಣ ಎಂದು ತಿಳಿಯಿರಿ.

ಪಾಲಿಯೆಸ್ಟರ್ ಸುಮಾರು 70–80 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಅದರ ಒಳಗಿನ ಅಣುಗಳ ಸರಪಳಿಗಳು ಸಡಿಲಗೊಂಡು ಅಲುಗಾಡತೊಡಗುತ್ತವೆ. ಆಗ ಬಟ್ಟೆ ಯಾವ ಆಕಾರದಲ್ಲಿದೆಯೋ, ತಣ್ಣಗಾದಾಗ ಅದೇ ಆಕಾರದಲ್ಲಿ ಬಿಗಿಯುತ್ತದೆ. ಹತ್ತಿಯಲ್ಲಿ ಹೀಗಾಗುವುದಿಲ್ಲ. ಇಸ್ತ್ರಿ ಮಾಡಿದ ಗೆರೆ ಎಷ್ಟೇ ಚೂಪಾಗಿದ್ದರೂ ನೀರು ಬಿದ್ದರೆ ಹೋಯಿತು.

ಸ್ಪೇನ್‌ನಲ್ಲಿ ಹುಟ್ಟಿ ಇಟಲಿಯ ವೆನಿಸ್‌ನಲ್ಲಿ ನೆಲೆಸಿದ್ದ ಮರಿಯಾನೊ ಫೋರ್ಚುನಿ 1907ರ ಸುಮಾರಿಗೆ ಸಣ್ಣ ನಿರಿಗೆಗಳ 'ಡೆಲ್ಫೋಸ್' ಎಂಬ ರೇಷ್ಮೆ ಉಡುಪು ರೂಪಿಸಿದರು. ಅದನ್ನು ಹುರಿ ಮಾಡಿ, ಸುತ್ತಿ ಡಬ್ಬಿಯಲ್ಲಿಡಬೇಕಿತ್ತು. ನೆನೆದು ನಿರಿಗೆ ಬಿಚ್ಚಿದರೆ ಮತ್ತೆ ಅವರ ಬಳಿಗೇ ಕಳಿಸಬೇಕಿತ್ತು. ಜಪಾನಿನ ವಸ್ತ್ರವಿನ್ಯಾಸಕ ಇಸ್ಸೆ ಮಿಯಾಕೆ 1993ರಲ್ಲಿ 'ಪ್ಲೀಟ್ಸ್ ಪ್ಲೀಸ್' ಎಂಬ ನಿರಿಗೆ ಉಡುಪುಗಳ ಸಾಲು ತಂದಾಗ ಆಯ್ದುಕೊಂಡದ್ದು ಪಾಲಿಯೆಸ್ಟರ್. ಬೇಕಾದ ಅಳತೆಗಿಂತ ಎರಡೂವರೆಯಿಂದ ಮೂರು ಪಟ್ಟು ದೊಡ್ಡದಾಗಿ ಉಡುಪನ್ನು ಮೊದಲೇ ಹೊಲಿದು, ಕಾಗದಗಳ ನಡುವೆ ಇಟ್ಟು, ಬಿಸಿ ಒತ್ತಿನ ಯಂತ್ರಕ್ಕೆ ಕೊಡುತ್ತಿದ್ದರು. ಒಗೆದರೂ ಆ ನಿರಿಗೆ ಹೋಗುವುದಿಲ್ಲ. ಪಾಲಿಯೆಸ್ಟರ್ ಅಂದರೆ ಮೂಗು ಮುರಿಯುವವರು ಬಹಳ. ಈ ಕೆಲಸದ ಮಟ್ಟಿಗೆ ಮಾತ್ರ ನನ್ನ ಓಟು ಅದಕ್ಕೇ.

ಗೋಲಿ ಕಟ್ಟಿ ಹಬೆಗಿಡಿ

ಹೊಸಬರು ಇಲ್ಲಿಂದ ಶುರು ಮಾಡುವುದು ಒಳ್ಳೆಯದು. ತೆಳುವಾದ ಪಾಲಿಯೆಸ್ಟರ್ ಜಾರ್ಜೆಟ್ ಅಥವಾ ಆರ್ಗಂಜಾದ ಒಂದು ಅಡಿ ಚೌಕ ತೆಗೆದುಕೊಳ್ಳಿ. ಮಕ್ಕಳು ಆಡುವ ಗಾಜಿನ ಗೋಲಿಗಳು ಬೇಕು. ಕಡಲೆಕಾಳಿನಲ್ಲೂ ಆಗುತ್ತದಲ್ಲ ಅನ್ನಿಸಬಹುದು. ಬೇಡ, ಹಬೆಗೆ ಅದು ಬೆಂದು ಉಬ್ಬಿ ಬಟ್ಟೆಗೆ ಕಲೆ ಮಾಡುತ್ತದೆ. ಪ್ಲಾಸ್ಟಿಕ್ ಮಣಿಯೂ ಬೇಡ, ಬಿಸಿಗೆ ಸೊಟ್ಟಗಾಗಬಹುದು.

ಗೋಲಿಯನ್ನು ಬಟ್ಟೆಯ ಒಳಮೈಗೆ ಇಟ್ಟು, ಹೊರಗಿನಿಂದ ಕುತ್ತಿಗೆ ಹಿಡಿದು, ಗಟ್ಟಿ ಹತ್ತಿ ದಾರದಿಂದ ನಾಲ್ಕೈದು ಸುತ್ತು ಬಿಗಿದು ಗಂಟು ಹಾಕಿ. ಬಾಂಧನಿಗೆ ಕಟ್ಟುವುದೂ ಹೆಚ್ಚುಕಡಿಮೆ ಹೀಗೇ. ಅಲ್ಲಿ ಬಣ್ಣ ಒಳಗೆ ಹೋಗದಂತೆ ಕಟ್ಟುತ್ತಾರೆ, ಇಲ್ಲಿ ನಮಗೆ ಬೇಕಿರುವುದು ಉಬ್ಬು ಮಾತ್ರ. ಗೋಲಿಗಳ ನಡುವೆ ಮೂರು ಬೆರಳಿನಷ್ಟು ಜಾಗ ಬಿಡಿ. ತೀರಾ ಹತ್ತಿರ ಕಟ್ಟಿದರೆ ಒಂದು ಉಬ್ಬು ಇನ್ನೊಂದನ್ನು ಎಳೆಯುತ್ತದೆ. ಕೆಲವೊಮ್ಮೆ ಆ ಎಳೆತವೇ ಚೆಂದ, ಅದು ಬೇರೆ ಮಾತು.

ಕಟ್ಟಿದ್ದನ್ನು ಬಿಳಿ ಹತ್ತಿ ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ. ಬಿಸಿಗೆ ಪಾಲಿಯೆಸ್ಟರ್‌ನ ಬಣ್ಣ ಬಿಡಬಹುದು, ಬಿಟ್ಟರೆ ಸುತ್ತಿದ ಬಟ್ಟೆಗೆ ಹತ್ತಲಿ. ನ್ಯೂಸ್‌ಪೇಪರ್ ಸುತ್ತಬೇಡಿ, ಅದರ ಮಸಿಯೇ ಅಂಟಿಕೊಳ್ಳುತ್ತದೆ. ಇಡ್ಲಿ ಪಾತ್ರೆಯಲ್ಲಿ ನೀರು ತಾಗದಂತೆ ಎತ್ತರಕ್ಕಿಟ್ಟು ಅರ್ಧ ಗಂಟೆ ಹಬೆ ಕೊಡಿ. ಈ ಪಾತ್ರೆ ಬಟ್ಟೆ ಕೆಲಸಕ್ಕೇ ಮೀಸಲು, ಮತ್ತೆ ಅದರಲ್ಲಿ ಇಡ್ಲಿ ಬೇಯಿಸಕೂಡದು. ಬೆಂಗಳೂರಿನ ಎತ್ತರದಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ನಮ್ಮ ಕೆಲಸಕ್ಕೆ ಅಷ್ಟು ಸಾಕು.

ಇನ್ನು ಕಷ್ಟದ ಭಾಗ, ಕಾಯುವುದು. ಬೆಚ್ಚಗಿರುವಾಗಲೇ ಬಿಚ್ಚಿದರೆ ಉಬ್ಬು ಕುಸಿಯುತ್ತದೆ. ರಾತ್ರಿಯಿಡೀ ಬಿಡಿ. ಪೂರ್ತಿ ತಣ್ಣಗಾಗಿ ಒಣಗಿದ ಮೇಲೆ, ಬಟ್ಟೆಗೆ ಕತ್ತರಿ ತಾಗದ ಹಾಗೆ ದಾರ ಕತ್ತರಿಸಿ ಗೋಲಿ ತೆಗೆಯಿರಿ. ಉಬ್ಬು ಸಪ್ಪೆಯಾಗಿದ್ದರೆ ಬಟ್ಟೆ ದಪ್ಪ ಇರಬಹುದು, ಕಟ್ಟು ಸಡಿಲ ಇರಬಹುದು, ಇಲ್ಲವೇ ನೂಲಿನಲ್ಲಿ ಹತ್ತಿ ಜಾಸ್ತಿ ಇರಬಹುದು.

ಕಾಗದದ ಅಚ್ಚಿನಲ್ಲಿ ನಿರಿಗೆ

ಒಂದೇ ಅಳತೆಯ ಎರಡು ದಪ್ಪ ಕಂದು ಹಾಳೆ ತೆಗೆದುಕೊಳ್ಳಿ. ಎರಡರ ಮೇಲೂ 2 ಸೆಂ.ಮೀ. ಅಂತರದಲ್ಲಿ ಗೆರೆ ಹಾಕಿ. ರೀಫಿಲ್ ಮುಗಿದ ಬಾಲ್‌ಪೆನ್ನಿನಿಂದ ಸ್ಕೇಲ್ ಹಿಡಿದು ಒತ್ತಿದರೆ ಮಡಿಕೆ ನೇರವಾಗಿ ಬರುತ್ತದೆ. ಎರಡನ್ನೂ ಜೋಡಿಸಿ, ಬೀಸಣಿಗೆಯ ಹಾಗೆ ಹಿಂದೆ ಮುಂದೆ ಮಡಿಸಿ ಬಿಡಿಸಿ. ನಡುವೆ ಪಾಲಿಯೆಸ್ಟರ್ ಬಟ್ಟೆ ಹರಡಿ, ಸುಕ್ಕಿಲ್ಲದಂತೆ ಸವರಿ, ಮೂರನ್ನೂ ಒಟ್ಟಿಗೆ ಮಡಿಸಿ ಕಟ್ಟಿ. ಹಬೆಯ ನೀರ ಹನಿ ಕಾಗದಕ್ಕೆ ಬೀಳದಂತೆ ಮೇಲೊಂದು ಬಟ್ಟೆ ಸುತ್ತಿ. ಉಳಿದದ್ದೆಲ್ಲ ಗೋಲಿಯ ಹಾಗೇ: ಅರ್ಧ ಗಂಟೆ ಹಬೆ, ಆಮೇಲೆ ತಾಳ್ಮೆ. ನೇರ ಗೆರೆ ಒಲಿದ ಮೇಲೆ ಓರೆ ಗೆರೆ, ಆಮೇಲೆ ಹಾವಿನ ನಡೆಯಂಥ ಅಂಕುಡೊಂಕು ಮಡಿಕೆ. ಅಚ್ಚನ್ನು ಒಣಗಿಸಿಟ್ಟರೆ ಮತ್ತೆ ಬಳಸಬಹುದು.

ಹತ್ತಿಗೆ ಹೊಲಿಗೆಯೇ ಗತಿ

ಹತ್ತಿಯಲ್ಲಿ ಆಕಾರ ಹಿಡಿದಿಡುವುದು ದಾರ. 40 ಸೆಂ.ಮೀ. ಚೌಕದ ಹಿಂಬದಿಯಲ್ಲಿ ಪೆನ್ಸಿಲಿನಿಂದ 2 ಸೆಂ.ಮೀ. ಚೌಕಳಿ ಹಾಕಿ. ಒಂದು ಮನೆಯ ನಾಲ್ಕೂ ಮೂಲೆಗಳಲ್ಲಿ ಎರಡೆರಡು ಎಳೆಯಷ್ಟೇ ಸೂಜಿಗೆ ಎತ್ತಿ, ದಾರ ಎಳೆದು ಮೂಲೆಗಳನ್ನು ಒಂದೆಡೆ ಸೇರಿಸಿ, ಗಂಟು ಹಾಕಿ. ಪಕ್ಕದ ಮನೆ ಬಿಟ್ಟು ಅದರಾಚೆಯದು. ಸಾಲಿನಲ್ಲೂ ಹಾಗೇ, ಒಂದು ಹೊಲಿದು ಒಂದು ಬಿಡಿ. ಎಲ್ಲ ಮುಗಿದು ತಿರುಗಿಸಿದಾಗ ಮುಂಬದಿಯಲ್ಲಿ ಹೂವಿನಂಥ ಉಬ್ಬುಗಳ ಸಾಲು ಕಾಣುತ್ತದೆ. ಒಂದು ಮನೆಯಿಂದ ಇನ್ನೊಂದಕ್ಕೆ ಹೋಗುವಾಗ ದಾರ ಸಡಿಲವಾಗಿರಲಿ. ಇಲ್ಲದಿದ್ದರೆ ಎಲ್ಲ ಸೇರಿ ಮುದ್ದೆಯಾಗುತ್ತದೆ.

ಹೀಗೆ ಹೊಲಿದ ಬಟ್ಟೆ ಎರಡೂ ದಿಕ್ಕಿನಲ್ಲಿ ಹತ್ತಿರಹತ್ತಿರ ಅರ್ಧಕ್ಕೆ ಇಳಿಯುತ್ತದೆ. ಅಂದರೆ 20 ಸೆಂ.ಮೀ. ಚೌಕ ಬೇಕಿದ್ದರೆ ನಾಲ್ಕು ಪಟ್ಟು ಬಟ್ಟೆ ಬೇಕು. ಕುರ್ತಾದ ಯೋಕ್‌ಗೋ (ಹೆಗಲು, ಎದೆಯ ಮೇಲ್ಭಾಗದ ತುಂಡು) ದಿಂಬಿನ ಕವರಿಗೋ ಇದು ಸರಿ. ಇಡೀ ಲಂಗಕ್ಕೆ ಮಾಡಲು ಹೊರಟರೆ ಬಟ್ಟೆಯ ಖರ್ಚೂ ತೂಕವೂ ಭಾರ.

ಬೇಗ ಆಗಬೇಕೆನ್ನುವವರು ಮೆಷಿನ್ನಿನ ಬಾಬಿನ್‌ಗೆ (ಕೆಳಗಿನ ದಾರದ ಸಣ್ಣ ಉರುಳೆ) ಎಲಾಸ್ಟಿಕ್ ದಾರವನ್ನು ಕೈಯಲ್ಲೇ ಸುತ್ತಿ, ಮೇಲೆ ಮಾಮೂಲಿ ದಾರ ಹಾಕಿ, ಉದ್ದ ಹೊಲಿಗೆಯಲ್ಲಿ ಸಾಲುಸಾಲಾಗಿ ಹೊಲಿಯಬಹುದು. ಆಮೇಲೆ ಹಬೆ ತೋರಿಸಿದರೆ ಇನ್ನಷ್ಟು ಮುದುಡುತ್ತದೆ. ಕಾಸ್ಟಿಕ್ ಸೋಡಾ ಹಚ್ಚಿ ಹತ್ತಿಯನ್ನು ಅಲ್ಲಲ್ಲಿ ಕುಗ್ಗಿಸುವ ವಿಧಾನವೂ ಇದೆ. ಅದು ಚರ್ಮವನ್ನೂ ಕಣ್ಣನ್ನೂ ಸುಡುವ ವಸ್ತು. ಗ್ಲೌಸ್, ಕನ್ನಡಕ, ಗಾಳಿಯಾಡುವ ಜಾಗ ಮತ್ತು ಗೊತ್ತಿದ್ದವರ ಜೊತೆ ಇಲ್ಲದೆ ಆ ದಾರಿಗೆ ಹೋಗಬೇಡಿ. ಅಡುಗೆಮನೆಯಲ್ಲಂತೂ ಬೇಡವೇ ಬೇಡ.

ಬರೆದಿಡಿ, ಒಗೆದು ನೋಡಿ

ಪ್ರತಿ ತುಂಡಿಗೂ ಒಂದು ಚೀಟಿ ಪಿನ್ ಮಾಡಿ: ನೂಲು ಯಾವುದು, ಮೊದಲಿನ ಅಳತೆ ಎಷ್ಟು, ಆಮೇಲೆ ಎಷ್ಟು, ಹಬೆ ಎಷ್ಟು ಹೊತ್ತು. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಬಟ್ಟೆ, ಹೊತ್ತು, ಗೋಲಿಯ ಗಾತ್ರ ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಚೆಂದದ ತುಂಡು ಸಿಕ್ಕರೂ ಯಾವುದರಿಂದ ಸಿಕ್ಕಿತೆಂದು ಗೊತ್ತಾಗುವುದಿಲ್ಲ.

ಒಂದೇ ರೀತಿ ಎರಡು ತುಂಡು ಮಾಡಿ, ಒಂದನ್ನು ತಣ್ಣೀರಿನಲ್ಲಿ ಒಗೆದು, ನೆರಳಲ್ಲಿ ಒಣಗಿಸಿ, ಒಗೆಯದ ತುಂಡಿನ ಪಕ್ಕ ಇಟ್ಟು ನೋಡಿ. ಬಿಸಿನೀರು, ಇಸ್ತ್ರಿ ಎರಡೂ ಪಾಲಿಯೆಸ್ಟರ್‌ನ ಉಬ್ಬಿಗೆ ಶತ್ರು. ಹಬೆಯಲ್ಲಿ ಕೂತ ಆಕಾರ ಅಷ್ಟೇ ಬಿಸಿಯಲ್ಲಿ ಬಿಟ್ಟೂ ಹೋಗಬಹುದು. ಈ ಪರೀಕ್ಷೆ ಪಾಸಾದರೆ ದೊಡ್ಡ ಬಟ್ಟೆಗೆ ಕೈ ಹಾಕಿ. ಸಣ್ಣ ಯೋಕ್, ಕಾಲರ್‌ಗಳಿಗೆ ಮೊದಲು ಉಬ್ಬು, ನಿರಿಗೆ ಮುಗಿಸಿ, ಆಮೇಲೆ ಪ್ಯಾಟರ್ನ್ ಇಟ್ಟು ಕತ್ತರಿಸಿ. ಕತ್ತರಿಸುವ ಮೊದಲು ಗೆರೆಯ ಒಳಗೆ ಸುತ್ತಲೂ ಒಂದು ಹೊಲಿಗೆ ಓಡಿಸಿದರೆ ಅಂಚಿನ ನಿರಿಗೆ ಬಿಚ್ಚಿಕೊಳ್ಳುವುದಿಲ್ಲ.