ಗೋಡೆಗೆ ಲೋಹದ ಕಲಾಕೃತಿ: ಮೊದಲು ಗೋಡೆ ತಟ್ಟಿ ನೋಡಿ

ಸೋಫಾ ಮೇಲಿನ ಗೋಡೆ ಬೋಳಾಗಿದೆ ಅಂತ ಲೋಹದ ಕಲಾಕೃತಿ ತರುವವರು ಈಗ ಜಾಸ್ತಿ. ಕಬ್ಬಿಣದ ತಗಡಿನಲ್ಲಿ ಲೇಸರ್‌ನಿಂದ ಕತ್ತರಿಸಿದ ಮರ, ಹಿತ್ತಾಳೆಯ ಗಂಡಭೇರುಂಡ, ಛತ್ತೀಸಗಢದ ಬಸ್ತರ್‌ನ ಡೋಕ್ರಾ (ಮೇಣದ ಅಚ್ಚಿನಿಂದ ಎರಕ ಹೊಯ್ದ ಲೋಹದ) ಮುಖ, ಹೀಗೆ ಏನೇನೋ. ತಂದಾದ ಮೇಲೆ ಮೊಳೆ ಎಲ್ಲಿ ಹೊಡೆಯುವುದು ಅಂತ ಯೋಚನೆ ಶುರು. ಇದನ್ನು ತಿರುಗಿಸಿ ಮಾಡಿ. ಗೋಡೆ ಎಷ್ಟು ಹೊರುತ್ತದೆ ಅಂತ ಮೊದಲು ತಿಳಿಯಿರಿ, ಆಮೇಲೆ ಅಂಗಡಿಗೆ ಹೋಗಿ.

ತೂಕ ಕೇಳಿ

ಎರಡಡಿ ಉದ್ದ, ಎರಡಡಿ ಅಗಲ, 2 ಮಿ.ಮೀ. ದಪ್ಪದ ಕಬ್ಬಿಣದ ಹಾಳೆ ಸುಮಾರು 5.8 ಕೆ.ಜಿ. ತೂಗುತ್ತದೆ. ಅದೇ ಅಳತೆಯ ಅಲ್ಯೂಮಿನಿಯಂ 2 ಕೆ.ಜಿ. ಅಷ್ಟೇ. ಹಿತ್ತಾಳೆ ಕಬ್ಬಿಣಕ್ಕಿಂತ ಇನ್ನೂ ಸ್ವಲ್ಪ ಭಾರ. ವಿನ್ಯಾಸಕ್ಕಾಗಿ ಕತ್ತರಿಸಿ ತೆಗೆದಷ್ಟೂ ತೂಕ ಇಳಿಯುತ್ತದೆ ನಿಜ. ಆದರೂ ಫೋಟೋ ನೋಡಿ ತೂಕ ಊಹಿಸಬೇಡಿ, ಕೇಳಿ ಬರೆದುಕೊಳ್ಳಿ.

ಹಿತ್ತಾಳೆ ಅಂತ ಮಾರುವುದೆಲ್ಲ ಹಿತ್ತಾಳೆಯಲ್ಲ. ಜೇಬಿನಲ್ಲಿ ಒಂದು ಸಣ್ಣ ಆಯಸ್ಕಾಂತ ಇಟ್ಟುಕೊಳ್ಳಿ. ಅಂಟಿಕೊಂಡರೆ ಒಳಗೆ ಕಬ್ಬಿಣ, ಮೇಲೆ ಬರೀ ಬಣ್ಣ ಅಥವಾ ಲೇಪ. ಮಂಗಳೂರು, ಕಾರವಾರದಂಥ ಕರಾವಳಿ ಊರುಗಳಲ್ಲಿ ಇದು ಮುಖ್ಯ. ಉಪ್ಪಿನ ಗಾಳಿಗೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ಪೌಡರ್ ಕೋಟಿಂಗ್ ಇದ್ದರೂ ಒಂದು ಗೀರು ಬಿದ್ದರೆ ಸಾಕು, ತುಕ್ಕು ಅಲ್ಲಿಂದಲೇ ಶುರು. ಅಲ್ಲಿನ ಮನೆಗಳಿಗೆ ಅಲ್ಯೂಮಿನಿಯಂ ಅಥವಾ ಹಿತ್ತಾಳೆಯೇ ವಾಸಿ.

ಅಂಗಡಿಗೆ ಹೋಗುವ ಮುಂಚೆ ಅಜ್ಜಿಯ ಮನೆಯ ಅಟ್ಟವನ್ನೂ ಒಮ್ಮೆ ನೋಡಿ. ಹಳೆಯ ಹಿತ್ತಾಳೆ ತಟ್ಟೆ, ಹರಿವಾಣ ಗೋಡೆಯ ಮೇಲೆ ಬಹಳ ಚೆನ್ನಾಗಿ ಕಾಣುತ್ತವೆ. ಅವಕ್ಕೆ ತೂತು ಮಾತ್ರ ಕೊರೆಯಬೇಡಿ. ಅಂಚನ್ನು ಹಿಡಿದುಕೊಳ್ಳುವ ಸ್ಪ್ರಿಂಗಿನ ಪ್ಲೇಟ್ ಹ್ಯಾಂಗರ್ ಸಿಗುತ್ತದೆ.

ದುಡ್ಡು ಸ್ವಲ್ಪ ಹೆಚ್ಚು ಹಾಕಬಲ್ಲಿರಾದರೆ ನನ್ನ ಆಯ್ಕೆ ಬೀದರ್‌ನ ಬಿದ್ರಿ. ಸತು ಜಾಸ್ತಿ, ತಾಮ್ರ ಸ್ವಲ್ಪ ಸೇರಿಸಿ ಎರಕ ಹೊಯ್ದು, ಕೆತ್ತಿದ ಗೆರೆಗಳಲ್ಲಿ ಬೆಳ್ಳಿಯ ತಂತಿ ಕೂರಿಸುತ್ತಾರೆ. ಕೊನೆಗೆ ಬೀದರ್ ಕೋಟೆಯ ಮಣ್ಣನ್ನು ನವಸಾಗರದ ಜತೆ ಕಲಸಿದ ಬಿಸಿ ದ್ರಾವಣ ಹಚ್ಚಿದರೆ ಸತುವಿನ ಭಾಗ ಕಡುಕಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ. ಈ ಕಲೆಯ ಹಿರಿಯ ಕುಶಲಿ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ತಿಳಿ ಬಣ್ಣದ ಗೋಡೆಯ ಮೇಲೆ ಒಂದೇ ಒಂದು ಬಿದ್ರಿ ತಟ್ಟೆ ಇದ್ದರೂ ಸಾಕು, ಸುತ್ತ ಇನ್ನೇನೂ ಬೇಡ.

ಜಾಗ ಗುರುತು ಮಾಡಿ

ಹಳೇ ಪೇಪರ್‌ಗಳನ್ನು ಅಂಟಿಸಿ ಕಲಾಕೃತಿಯ ಅಳತೆಗೇ ಕತ್ತರಿಸಿ. ತೂತು ಬರುವ ಜಾಗವನ್ನು ಪೇಪರ್ ಮೇಲೆ ಗುರುತು ಹಾಕಿ, ಟೇಪ್‌ನಿಂದ ಗೋಡೆಗೆ ಅಂಟಿಸಿ. ಒಂದೆರಡು ದಿನ ಹಾಗೇ ಬಿಡಿ. ಮನೆಯವರೆಲ್ಲ ಅಭಿಪ್ರಾಯ ಹೇಳಿ ಮುಗಿಸಲಿ! ಕಲಾಕೃತಿಯ ನಡುಭಾಗ ನೆಲದಿಂದ ಸುಮಾರು 145ರಿಂದ 150 ಸೆಂ.ಮೀ. ಎತ್ತರದಲ್ಲಿದ್ದರೆ ನಿಂತವರ ಕಣ್ಣಿಗೆ ಸರಿಹೋಗುತ್ತದೆ. ಸೋಫಾ ಮೇಲಾದರೆ ಒರಗುವ ಭಾಗದಿಂದ ಆರೆಂಟು ಇಂಚು ಮೇಲಿರಲಿ, ಅಗಲ ಸೋಫಾದ ಮೂರನೇ ಎರಡರಷ್ಟಿರಲಿ. ನಮ್ಮಲ್ಲಿ ಹೆಚ್ಚಿನವರು ತೀರಾ ಮೇಲೆ ಹಾಕುತ್ತಾರೆ. ಮಲಗುವ ಮಂಚದ ತಲೆಭಾಗದ ಮೇಲೆ ಭಾರದ ಲೋಹ ಬೇಡವೇ ಬೇಡ.

ಕೊರೆಯುವುದು

ಎಡವುವುದು ಇಲ್ಲೇ, ಹಾಗಾಗಿ ನಿಧಾನಕ್ಕೆ ಓದಿ.

ಗೋಡೆಯೊಳಗಿನ ವೈರಿನ ಪೈಪು ಸಾಮಾನ್ಯವಾಗಿ ಸ್ವಿಚ್‌ಬೋರ್ಡಿನಿಂದ ನೇರ ಮೇಲಕ್ಕೆ ಅಥವಾ ಕೆಳಕ್ಕೆ ಹೋಗಿರುತ್ತದೆ. ಆ ಸಾಲು ಬಿಟ್ಟುಬಿಡಿ. ಗೋಡೆಯ ಆಚೆ ಬದಿ ಬಚ್ಚಲುಮನೆ ಇದ್ದರೆ ನೀರಿನ ಪೈಪ್ ಎಲ್ಲಿದೆ ನೋಡಿಕೊಳ್ಳಿ. ಮೀಟರ್ ಬೋರ್ಡಿನಲ್ಲಿ ಆ ರೂಮಿನ ಕರೆಂಟ್ ಕಡಿಯುವ ಸ್ವಿಚ್ (ಎಂಸಿಬಿ) ಆಫ್ ಮಾಡಿ, ಡ್ರಿಲ್‌ಗೆ ಬೇರೆ ರೂಮಿನಿಂದ ಕರೆಂಟ್ ಎಳೆದುಕೊಳ್ಳಿ. ಕಣ್ಣಿಗೆ ಕನ್ನಡಕ ಇರಲಿ.

ಸ್ಕ್ರೂ ಬಿಗಿಯಾಗಿ ಕೂರಲು ತೂತಿನೊಳಗೆ ತಳ್ಳುವ ಪ್ಲಾಸ್ಟಿಕ್ ಕೊಳವೆಯೇ ಪ್ಲಗ್. 6 ಮಿ.ಮೀ. ಪ್ಲಗ್‌ಗೆ ಡ್ರಿಲ್‌ನ ಕೊರೆಯುವ ಕಡ್ಡಿ, ಅಂದರೆ ಬಿಟ್, 6 ಮಿ.ಮೀ.ದೇ ಇರಲಿ. ಗೋಡೆಗೆ ಹೊಂದುವ ಕಾಂಕ್ರೀಟ್ ಬಿಟ್ ಬೇಕು, ಮರ ಕೊರೆಯುವುದಲ್ಲ. ಸಣ್ಣದಾಗಿ ಕೊರೆದು ಉದುರುವ ಪುಡಿಯ ಬಣ್ಣ ನೋಡಿ. ಮೊದಲು ಬರುವುದು ಗಾರೆಯ ಬೂದು ಪುಡಿ. ಆಮೇಲೆ ಕೆಂಪು ಬಂದರೆ ಇಟ್ಟಿಗೆ, ಒಳ್ಳೆಯದು. ಬೂದುಬಣ್ಣವೇ ಮುಂದುವರಿದು ಬಿಟ್ ಒಳಗೆ ಹೋಗಲು ಹಟ ಮಾಡಿದರೆ ಕಾಂಕ್ರೀಟ್ ಪಿಲ್ಲರೋ ಬೀಮೋ ಇರಬಹುದು, ಹ್ಯಾಮರ್ ಡ್ರಿಲ್ ಬೇಕು. ಬಿಳಿ ಪುಡಿ ಬಂದು ಬಿಟ್ ಸುಲಭವಾಗಿ ಇಳಿದುಹೋದರೆ ಅದು ಒಳಗೆಲ್ಲ ಗಾಳಿಗುಳ್ಳೆ ಇರುವ ಹಗುರ ಎಎಸಿ ಬ್ಲಾಕ್ ಇರಬಹುದು. ಅದಕ್ಕೆ ಹ್ಯಾಮರ್ ಹಾಕಬೇಡಿ, ಆ ಬ್ಲಾಕ್‌ಗೇ ಅಂತ ಸಿಗುವ ಪ್ಲಗ್ ತನ್ನಿ. ಬಿಟ್ ತಟ್ಟನೆ ಟೊಳ್ಳಿಗೆ ಬಿದ್ದರೆ ಹಾಲೋ ಬ್ಲಾಕ್. ಅಲ್ಲಿ ಮಾಮೂಲಿ ಪ್ಲಗ್ ಸುಮ್ನೆ ಸುತ್ತುತ್ತದೆ, ಬೇರೆ ಬಗೆಯದೇ ಬೇಕು.

ಆಳದ ವಿಷಯ ಬಹಳ ಮುಖ್ಯ. ಗಾರೆಯೇ 12ರಿಂದ 15 ಮಿ.ಮೀ. ದಪ್ಪ ಇರುತ್ತದೆ, ಅದು ಭಾರ ಹಿಡಿಯುವುದಿಲ್ಲ. ಪ್ಲಗ್ ಇಟ್ಟಿಗೆಯ ಒಳಗೆ ಕೂರಬೇಕು. 30 ಮಿ.ಮೀ. ಉದ್ದದ ಪ್ಲಗ್‌ಗೆ 45 ಮಿ.ಮೀ.ನಷ್ಟು ಆಳ ಕೊರೆಯಿರಿ, ಬಿಟ್‌ಗೆ ಆ ಅಳತೆಯಲ್ಲಿ ಟೇಪ್ ಸುತ್ತಿಕೊಂಡರೆ ಗೊತ್ತಾಗುತ್ತದೆ. ಪ್ಲಗ್ ಪೂರ್ತಿ ಒಳಕ್ಕೆ ತಳ್ಳಬೇಕು, ಅದಕ್ಕೆ ತಕ್ಕ ಉದ್ದದ ಸ್ಕ್ರೂ ಬೇಕು. ಮೂರ್ನಾಲ್ಕು ಕೆ.ಜಿ. ದಾಟಿದರೆ ಎರಡು ಕಡೆ ಸ್ಕ್ರೂ ಹಾಕಿ, 8 ಮಿ.ಮೀ. ಪ್ಲಗ್‌ಗೆ ಹೋಗಿ. ಎರಡು ತೂತಿನ ಸಾಲು ನೇರ ಇದೆಯಾ ಅಂತ ರಸಮಟ್ಟ ಇಟ್ಟು ನೋಡಿ. ಇಲ್ಲದಿದ್ದರೆ ಮೊಬೈಲಿನ ಲೆವೆಲ್ ಆ್ಯಪ್ ಆದೀತು.

ಕಲಾಕೃತಿಯ ಹಿಂದೆ ಮೂಲೆಮೂಲೆಗೆ ರಬ್ಬರ್ ಗುಂಡಿ ಅಂಟಿಸಿ. ಗೋಡೆಗೆ ಕಲೆ ಆಗುವುದಿಲ್ಲ. ಒಂದಷ್ಟು ಅಂತರ ಸಿಕ್ಕಿದರೆ ಹಿಂದೆ ನೆರಳೂ ಬೀಳುತ್ತದೆ, ಕತ್ತರಿಸಿದ ವಿನ್ಯಾಸಕ್ಕೆ ಅದೇ ಅಂದ.

ಬಾಡಿಗೆ ಮನೆಯಾದರೆ ಓನರ್ ಕೊರೆಯಲು ಬಿಡದೇ ಇರಬಹುದು. ಅಂಟಿಸುವ ಹುಕ್‌ಗಳ ಮೇಲೆ ಬರೆದ ತೂಕ ನುಣುಪಾದ ಗೋಡೆಗೆ ಲೆಕ್ಕ. ಡಿಸ್ಟೆಂಪರ್ ಹಚ್ಚಿದ ಗೋಡೆಯಲ್ಲಿ ಬಣ್ಣದ ಜತೆ ಹುಕ್ಕೂ ಕಿತ್ತು ಬರುತ್ತದೆ. ಹಗುರ ಅಲ್ಯೂಮಿನಿಯಂ ತುಂಡುಗಳಿಗೆ ಮಾತ್ರ ಬಳಸಿ. ಭಾರದ್ದನ್ನು ಮೇಜಿನ ಮೇಲೆ ಗೋಡೆಗೆ ಒರಗಿಸಿಟ್ಟರೂ ಚೆನ್ನಾಗಿರುತ್ತದೆ.

ಒರೆಸುವುದು

ಹಿತ್ತಾಳೆ ಅಂದ ಕೂಡಲೇ ಕೈ ಹುಣಸೆಹುಳಿಗೆ ಹೋಗುತ್ತೆ, ಅಲ್ವಾ? ಲೇಪ ಇಲ್ಲದ ಹಿತ್ತಾಳೆಗೆ ಅದು ಸರಿಯೇ. ಕೆಳಗಿಳಿಸಿ ತಿಕ್ಕಿ, ತೊಳೆದು, ತಕ್ಷಣ ಒಣಬಟ್ಟೆಯಲ್ಲಿ ಒರೆಸಿ. ಹೊಸ ಅಲಂಕಾರದ ಹಿತ್ತಾಳೆಗೆ ಎಷ್ಟೋ ಸಲ ಲ್ಯಾಕರ್, ಅಂದರೆ ಹೊಳಪು ಕಾಯುವ ಪಾರದರ್ಶಕ ಲೇಪ, ಹೊಡೆದಿರುತ್ತಾರೆ. ಅದನ್ನು ತಿಕ್ಕಿದರೆ ಲೇಪ ಅಲ್ಲಲ್ಲಿ ಎದ್ದು ಮಚ್ಚೆಮಚ್ಚೆ ಆಗುತ್ತದೆ, ಒಣಬಟ್ಟೆ ಸಾಕು. ಬಿದ್ರಿಗೆ ಹುಳಿ, ಪೀತಾಂಬರಿ ಪುಡಿ ಎರಡೂ ತಾಗಿಸಬೇಡಿ, ಕಪ್ಪು ಹೋಗಿಬಿಡುತ್ತದೆ. ಮೆತ್ತನೆ ಬಟ್ಟೆಯಲ್ಲಿ ಎರಡು ಹನಿ ಕೊಬ್ಬರಿ ಎಣ್ಣೆ ಹಾಕಿ ಒರೆಸಿ. ಕಬ್ಬಿಣಕ್ಕೆ ಒಣಬಟ್ಟೆಯೇ ಸರಿ. ಗೀರು ಕಂಡರೆ ಅದೇ ಬಣ್ಣದ ಎನಾಮೆಲ್ ಪೇಂಟ್ ಒಂದು ಹನಿ ಮುಟ್ಟಿಸಿ, ಮಳೆಗಾಲ ಶುರುವಾಗುವ ಮುಂಚೆಯೇ.